ಉದುರದ ಜಡೆ

ಸೊಸೆಯ ಎದೆಯಲ್ಲಿ ಕ್ಯಾನ್ಸರ್ ಇತ್ತು. ಗೆಡ್ಡೆಯನ್ನಷ್ಟೇ ಗುರಿಯಿಟ್ಟು ಹೊಡೆಯುವ ಹೊಸ ಔಷಧಿ, ಕೂದಲು ಉದುರುವುದಿಲ್ಲ ಎಂದು ಡಾಕ್ಟರು ಧೈರ್ಯ ಹೇಳಿದ್ದರು. ಉದುರಲಿಲ್ಲ, ಆಕೆಯ ಕಷ್ಟ ಶುರುವಾದದ್ದೇ ಅಲ್ಲಿಂದ.

"ಕ್ಯಾನ್ಸರ್ ಬಂದೋರನ್ನ ನಾನು ನೋಡಿಲ್ವೇನು? ತಲೆ ಬೋಳಾಗಿರುತ್ತೆ," ಎಂದರು ಅತ್ತೆ. "ನಿನ್ನ ಜಡೆ ಇನ್ನೂ ಸೊಂಟ ಮುಟ್ಟುತ್ತೆ. ಏಳಮ್ಮ, ಹಿಟ್ಟು ರುಬ್ಬು."

"ಆ ಔಷಧಿ ತಗೊಂಡಾಗಿಂದ ಭೇದಿ ನಿಲ್ತಿಲ್ಲ ಅತ್ತೆ. ಎದ್ದು ನಿಂತರೆ ಕಾಲು ನಡುಗುತ್ತೆ."

"ಕೆಲಸ ಅಂದ್ರೆ ನಮಗೂ ಹಂಗೇ ನಡುಗ್ತಿತ್ತು."

ಸೊಸೆ ಎದ್ದು ರುಬ್ಬಿದಳು. ಮೇಲೆ ಕೂತವನಾದರೂ ಜಡೆ ನೋಡಿ ಕಾಯಿಲೆ ಅಳೆಯುವವನಲ್ಲವೆಂದು ನಂಬಿ, ತಿಮ್ಮಪ್ಪನಿಗೆ ಹರಕೆ ಹೊತ್ತಳು.

ವರ್ಷದ ಮೇಲೆ ತಮ್ಮನ ಜೊತೆ ಆಸ್ಪತ್ರೆಗೆಂದು ಹೋದವಳು, ನಾಲ್ಕು ದಿನ ಬಿಟ್ಟು ಬೋಳುತಲೆಯಲ್ಲಿ ಮನೆಗೆ ಬಂದಳು.

"ಅಯ್ಯೋ ನನ್ನ ತಾಯೀ, ನಿಜವಾಗ್ಲೂ ಕ್ಯಾನ್ಸರೇ ಕಣೇ ನಿಂಗೆ," ಎಂದು ಅತ್ತೆ ಕಣ್ಣೀರಿಟ್ಟರು. ಹಾಸಿಗೆ ಹಾಸಿ ಮಲಗಿಸಿದರು. ಮದುವೆಯಾದ ಮೇಲೆ ಮೊದಲ ಸಲ ತಾವೇ ಕಾಫಿ ಮಾಡಿ ತಂದುಕೊಟ್ಟರು.

ರೋಗ ವಾಸಿಯಾಯಿತೆಂದು ಡಾಕ್ಟರು ಹೇಳಿದ್ದನ್ನೂ, ಅಲ್ಲಿಂದಲೇ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದದ್ದನ್ನೂ ತಿಳಿಸಲು ಬಾಯಿ ತೆರೆದ ಸೊಸೆ, ಒಂದು ಗುಟುಕು ಕುಡಿದು, "ಸಕ್ಕರೆ ಸ್ವಲ್ಪ ಕಮ್ಮಿ ಆಯ್ತು ಅತ್ತೆ," ಎಂದಳು.