ಎದುರಿನ ಅಂಗಡಿ

ಆಟೋ ನಿಂತದ್ದು ಆಸ್ಪತ್ರೆಯ ಗೇಟಿನ ಮುಂದೆಯೇ. ಆದರೆ ಅವಳು ಓಡಿದ್ದು ರಸ್ತೆಯಾಚೆಯ ಗಿರವಿ ಅಂಗಡಿಗೆ. ಹೆಗಲ ಮೇಲೆ ಉಬ್ಬಸದಿಂದ ಒದ್ದಾಡುತ್ತಿದ್ದ ಆರು ವರ್ಷದ ಪುಟ್ಟಿ, ಸೊಂಟದ ಮೇಲೆ ಸ್ಟ್ಯಾಂಡಿನಿಂದ ಕಳಚಿ ತಂದ ಹೊಲಿಗೆ ಮೆಷೀನು. ಬೀದಿಯವರು ಅವಳನ್ನು ಕತ್ತರಿ ಅಕ್ಕ ಎಂದೇ ಕರೆಯುತ್ತಿದ್ದರು. ಬಟ್ಟೆಗಿಂತ ಚೆನ್ನಾಗಿ ಮಾತು ಕತ್ತರಿಸುತ್ತಾಳೆಂದು. ಇವತ್ತು ಆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

"ಮಾವ, ಬೇಗ... ಎಷ್ಟಾದ್ರೂ ಸರಿ, ಕೊಡಿ" ಎಂದು ಮೆಷೀನನ್ನು ಕಟ್ಟೆಯ ಮೇಲೆ ಇಟ್ಟಳು.

ಗಿರವಿ ಅಂಗಡಿಯ ಮಾವ ಎಂದಿನಂತೆ ಡ್ರಾಯರ್ ಎಳೆದವರು, ಅವಳ ಮುಖ ನೋಡಿ ಹಾಗೇ ನಿಂತುಬಿಟ್ಟರು. "ಅಲ್ವೇ, ನಿನಗೇನು ತಲೆ ಕೆಟ್ಟಿದ್ಯಾ? 'ಇನ್ಮೇಲೆ ಈ ಮೆಟ್ಟಿಲು ಯಾರೂ ಹತ್ತಬೇಡಿ' ಅಂತ ನನ್ನ ಅಂಗಡಿ ಮುಂದೆಯೇ ನಿಂತು ಗಂಟಲು ಹರ್ಕೊಂಡವಳು ನೀನು. ನನ್ನ ವ್ಯಾಪಾರಕ್ಕೆ ಕಲ್ಲು ಹಾಕಿ, ಈಗ ಮೊದ್ಲು ಹತ್ತಿ ಬಂದವಳೂ ನೀನೇ!"

ಅವಳಿಗೆ ಆಗಲೇ ಕಾರ್ಡಿನ ನೆನಪಾದದ್ದು. ಬೀದಿಯ ದರ್ಜಿಗಳೆಲ್ಲ ವಾರಕ್ಕೊಂದು ಅಂಗಿ ಹೆಚ್ಚಿಗೆ ಹೊಲಿದು, ಅದರ ಕೂಲಿಯನ್ನು ಸಂಘದ ಚಿಕಿತ್ಸಾ ನಿಧಿಗೆ ಹಾಕುತ್ತಿದ್ದರು. ಅದಕ್ಕೆ ಸರ್ಕಾರವೂ ತನ್ನ ಪಾಲು ಸೇರಿಸಬೇಕು, ಆಸ್ಪತ್ರೆಯವರು ರೋಗಿಯ ಹತ್ತಿರ ದುಡ್ಡು ಕೇಳದೆ ಖರ್ಚನ್ನು ನೇರ ನಿಧಿಯಿಂದಲೇ ಪಡೆಯಬೇಕು ಎಂದು ಕಚೇರಿ ಕಚೇರಿ ಸುತ್ತಿ, ಜಗಳವಾಡಿ ಒಪ್ಪಿಸಿದವಳು ಇವಳೇ. ಹೋದ ವಾರವಷ್ಟೇ ನಿಧಿಯ ಹಳದಿ ಕಾರ್ಡುಗಳು ಬಂದಿದ್ದವು. ಇನ್ನೂ ಒಬ್ಬರೂ ಬಳಸಿ ನೋಡಿರಲಿಲ್ಲ.

"ಕಾಲಿಗೆ ಗೊತ್ತಿದ್ದ ದಾರಿ ಇದೊಂದೇ ಮಾವ. ಪುಟ್ಟಿ ಹುಟ್ಟುವಾಗಲೂ ಮೊದಲಿನ ಮೆಷೀನು ತಂದು ಇಲ್ಲೇ ಇಟ್ಟಿದ್ದೆ, ಬಿಡಿಸ್ಕೊಳ್ಳೋಕೆ ಆಗ್ಲೇ ಇಲ್ಲ. ಈಗ ಆ ಕಾರ್ಡು ನಡೆಯುತ್ತೋ ಇಲ್ವೋ..."

"ನಡೆಯುತ್ತೆ ಅಂತ ಊರಿಗೆಲ್ಲ ಹೇಳಿದ್ಯಲ್ಲ?"

"ಊರಿಗೆ ಹೇಳೋದು ಬೇರೆ ಮಾವ. ಇದು ನನ್ನ ಮಗು."

ಮಾವ ಮೆಷೀನನ್ನು ತಮ್ಮ ಕಡೆಗೆ ಎಳೆದುಕೊಂಡರು. "ಇದು ಇಲ್ಲೇ ಇರ್ಲಿ. ಅಡವಲ್ಲ, ಸುಮ್ನೆ ಕಾಯ್ತಿರ್ತೀನಿ. ಅಲ್ಲಿ ಆಗಲ್ಲ ಅಂದ್ರೆ ಓಡಿ ಬಾ, ಡ್ರಾಯರ್ ತೆರೆದೇ ಇಟ್ಟಿರ್ತೀನಿ. ಹೋಗು, ಹೋಗು!"

ಆಸ್ಪತ್ರೆಯ ಕೌಂಟರಿನ ಹುಡುಗಿ ತಲೆಯೆತ್ತದೆಯೇ, "ಮೊದ್ಲು ಮುಂಗಡ ಕಟ್ಟಿ..." ಎಂದು ಶುರುಮಾಡಿದಳು. ಕತ್ತರಿ ಅಕ್ಕ ಹಳದಿ ಕಾರ್ಡನ್ನು ಗಾಜಿಗೆ ಒತ್ತಿ ಹಿಡಿದಳು. ಹುಡುಗಿ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಬಾಯಿಗೆ ರೂಢಿಯಾಗ್ಬಿಟ್ಟಿದೆ ಅಕ್ಕ. ಇದಿದ್ರೆ ಏನೂ ಕಟ್ಟೋ ಹಾಗಿಲ್ಲ. ಮಗೂನ ಒಳಗೆ ಕರ್ಕೊಂಡ್ಹೋಗಿ!" ಅಷ್ಟರಲ್ಲಿ ಯಾರೋ ನರ್ಸು ಅವಳ ಹೆಗಲಿನಿಂದ ಪುಟ್ಟಿಯನ್ನು ಎತ್ತಿಕೊಂಡಾಗಿತ್ತು.

ಅವಳು ಮಂಚದ ಪಕ್ಕ ನಿಂತೇ ಇದ್ದಳು. ಪುಟ್ಟಿಯ ಪಕ್ಕೆ ಒಳಸೇರಿದಾಗಲೆಲ್ಲ ತಾನೂ ಉಸಿರು ಹಿಡಿದಳು, ಅದು ಉಬ್ಬಿದಾಗ ತಾನೂ ಬಿಟ್ಟಳು. ಎಣ್ಣೆ ಕಾಣದ ಮೆಷೀನಿನಂತೆ ಕಿರುಗುಟ್ಟುತ್ತಿದ್ದ ಆ ಪುಟ್ಟ ಎದೆ, ಔಷಧದ ಹೊಗೆ ಒಳಹೋದಂತೆಲ್ಲ ಮೆಲ್ಲಮೆಲ್ಲಗೆ ಮೆತ್ತಗಾಯಿತು. ಸಂಜೆಯ ಹೊತ್ತಿಗೆ ಪುಟ್ಟಿ ಮೂಗಿನ ಮೇಲಿನ ಮಾಸ್ಕ್ ಸರಿಸಿ, "ಅಮ್ಮಾ, ಹಸಿವು" ಎಂದು ಮುಖ ಊದಿಸಿದಳು. ಬೇರೆ ದಿನವಾಗಿದ್ದರೆ ಗದರುತ್ತಿದ್ದ ಅಮ್ಮ, ಇನ್ನೊಮ್ಮೆ ಹೇಳು ಎಂದು ಹೇಳಿಸಿ ಕೇಳಿದಳು.

ಮರುದಿನ ಮನೆಗೆ ಕಳಿಸುವಾಗ ಕೌಂಟರಿನ ಹುಡುಗಿ ಒಂದು ಕಾಗದ ಮುಂದಿಟ್ಟಳು. "ಸಹಿ ಹಾಕಿ ಹೊರಡಿ ಅಕ್ಕ."

"ಮತ್ತೆ?"

"ಮತ್ತೇನಿಲ್ಲ."

"ಸರಿಯಾಗಿ ನೋಡಮ್ಮಾ, ಏನಾದ್ರೂ ಬಿಟ್ಟುಹೋಗಿರುತ್ತೆ."

"ನೀವು ಮಾತ್ರೆ ಬಿಟ್ಟುಹೋಗ್ಬೇಡಿ, ಅಷ್ಟೇ!" ಹುಡುಗಿ ನಕ್ಕಳು.

ಗೇಟು ದಾಟುವಷ್ಟರಲ್ಲಿ ಕತ್ತರಿ ಅಕ್ಕನ ನಾಲಿಗೆಗೆ ಜೀವ ಬಂದಿತ್ತು. ರಸ್ತೆಯ ಆಚೆಯಿಂದಲೇ, ಹೋಗುವವರು ಬರುವವರು ತಿರುಗಿ ನೋಡುವಂತೆ ಕೂಗಿದಳು: "ಮಾವ, ಡ್ರಾಯರ್ ಮುಚ್ಚಿ! ನಡೀತು! ಕಾರ್ಡು ನಡೀತು!"

ಅಂಗಡಿಯಲ್ಲಿ ಅವಳ ಮೆಷೀನು ಧೂಳು ಕೂರದಂತೆ ಮಾವನ ಟವೆಲ್ ಹೊದ್ದು ಕೂತಿತ್ತು. ಮಾವ ಪುಟ್ಟಿಯ ತಲೆ ನೇವರಿಸಿದರು, ಡ್ರಾಯರ್ ಮುಚ್ಚಿದರು. ಆಮೇಲೆ ಮೆತ್ತಗೆ, "ನಿಮ್ಮ ಸಂಘಕ್ಕೆ ನನ್ನನ್ನೂ ಸೇರಿಸ್ಕೊಳ್ಳೇ" ಎಂದರು.

"ನಿಮ್ಮನ್ನಾ? ಅದು ದರ್ಜಿಗಳ ಸಂಘ ಮಾವ. ದುಡ್ಡಿನ ಮೇಲೇ ಕೂತಿರೋ ನಿಮಗ್ಯಾಕೆ ಅದು?"

"ಹೋದ ತಿಂಗಳು ಎದೆ ಹಿಡ್ಕೊಂಡಿತ್ತು. ಹೆದರಿ ಆ ಗೇಟಿನೊಳಗೆ ಹೋಗ್ಲೇ ಇಲ್ಲ. ಒಂದ್ಸಲ ಮಲಗಿದ್ರೆ ಈ ಅಂಗಡಿ ಎಷ್ಟು ದಿನಕ್ಕೆ ಸಾಕಾಗುತ್ತೆ ಹೇಳು?" ಮಾವ ಎದುರಿನ ಕಟ್ಟಡ ನೋಡಿದರು. "ನೀವೆಲ್ಲ ನನ್ನ ಹತ್ರ ಬಂದ್ರಿ. ನಾನು ಯಾರ ಅಂಗಡಿಗೆ ಹೋಗ್ಲಿ?"

ಅವಳು ತಲೆಯೆತ್ತಿ ನೋಡಿದಳು. ಮೇಲೆ ಅಟ್ಟದಲ್ಲಿ, ತೂತು ಪಾತ್ರೆಗಳ ನಡುವೆ, ಅವಳ ಮೊದಲಿನ ಮೆಷೀನು ಇನ್ನೂ ಇತ್ತು.

"ಅದನ್ನ ಕೆಳಗಿಳಿಸಿ ಎಣ್ಣೆ ಬಿಡಿ. ಹೊಲಿಯೋದು ನಾನು ಕಲಿಸ್ತೀನಿ. ವಾರಕ್ಕೊಂದು ಅಂಗಿ ಮಾವ, ಅದ್ರಲ್ಲಿ ರಿಯಾಯಿತಿ ಇಲ್ಲ. ಕಾಲರ್ ಸೊಟ್ಟಗಾದ್ರೆ ಬಿಚ್ಚಿಸ್ತೀನಿ."

ಪುಟ್ಟಿ ಅಮ್ಮನ ಎದೆಯ ಬಟ್ಟೆಗೆ ಚುಚ್ಚಿಕೊಂಡಿದ್ದ ಸೂಜಿ ಕಿತ್ತು, ದಾರ ಬಿಡಿಸಿ, ಎರಡನ್ನೂ ಮಾವನ ಕೈಗಿತ್ತಳು. ಊರಿನ ಒಡವೆಗಳನ್ನೆಲ್ಲ ಪರೀಕ್ಷಿಸಿ ನೋಡಿದ್ದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ದಾರದ ತುದಿಯನ್ನು ನಾಲಿಗೆಗೆ ಸೋಕಿಸಿ, ಮಾವ ಸೂಜಿಯ ಕಣ್ಣನ್ನು ಹುಡುಕತೊಡಗಿದರು.