ತಿಪ್ಪೆಯಲ್ಲಿ ಹೂತ ಮಾತ್ರೆ

ಹಿಪ್ಪುನೇರಳೆ ಸೊಪ್ಪಿನ ವಾಸನೆ ಬಂದರೆ ಈಗಲೂ ನನ್ನ ತಲೆ ತಗ್ಗುತ್ತದೆ.

ಹುತ್ತೂರಿನ ಮನೆಯಲ್ಲಿ ಅಮ್ಮ ಎರಡು ವರ್ಷದಿಂದ ಡಾಕ್ಟರು ಬರೆದುಕೊಟ್ಟ ನಿದ್ದೆ ಮಾತ್ರೆ ನುಂಗುತ್ತಿದ್ದಳು, ಹಗಲೂ ತೂಕಡಿಸುತ್ತಿದ್ದಳು. "ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ನಿಲ್ಲಿಸಲ್ವೇನೇ? ಇವಳಿಗೂ ಮಾತ್ರೆ ನಿಲ್ಲಿಸಿದ್ರೆ ತಾನೇ ಎದ್ದು ಓಡಾಡ್ತಾಳೆ," ಎಂದಳು ಅಜ್ಜಿ. ಹಾಗೆ ‘ಜ್ವರ’ಕ್ಕೆ ಕೂತು ಪೊರೆ ಬಿಡುವ ರೇಷ್ಮೆಹುಳ ಉಪವಾಸವಿದ್ದು ಚುರುಕಾಗಿ ಏಳುವುದನ್ನು ಕಂಡಿದ್ದ ನಾನು ಮಾತ್ರೆಗಳನ್ನೆಲ್ಲ ತಿಪ್ಪೆಯಲ್ಲಿ ಹೂತೆ. ಅಮ್ಮ ಹುಡುಕಿದಾಗ ನಾನೂ ಹುಡುಕಿದಂತೆ ಮಾಡಿದೆ.

ಮೂರನೆಯ ಮಧ್ಯಾಹ್ನ ಸೊಪ್ಪು ಹೆಚ್ಚುತ್ತಿದ್ದ ಅಮ್ಮ ಗಡಗಡ ನಡುಗಿ, ಸೆಟೆದು, ಸೊಪ್ಪಿನ ಮೇಲೇ ಬಿದ್ದಳು.

"ಮೈ ಒಗ್ಗಿರೋ ಮಾತ್ರೆನ ಒಂದೇ ಸಲ ಬಿಡಬಾರ್ದಮ್ಮ, ನಾವು ಹೇಳ್ದಂಗೆ ನಿಧಾನಕ್ಕೆ ಇಳಿಸ್ಬೇಕು," ಎಂದರು ಡಾಕ್ಟರು, ಆಸ್ಪತ್ರೆಯಲ್ಲಿ ಎಚ್ಚರಗೊಂಡ ಅಮ್ಮನಿಗೆ.

"ಎಲ್ಲೋ ಕಳ್ಕೊಂಡ್ಬಿಟ್ಟೆ ಸಾರ್. ಪಾಪ, ಮಗೂನೂ ನನ್ನ ಜೊತೆ ಮನೆಯೆಲ್ಲ ಹುಡುಕ್ತು," ಎಂದು ಅಮ್ಮ ನನ್ನ ತಲೆ ಸವರಿದಳು.