ನಮ್ಮೂರು ದಡ ಸೇರಿಸಿದವಳು

ಜಗತ್ತಿನ ಬೆಳ್ಳಿತೆರೆಗಳೆಲ್ಲ ಬರಿದಾದ ಮೇಲೆ ಸಿನಿಮಾಗಳು ನೋಡಿದವರ ಬಾಯಲ್ಲೇ ಉಳಿದಿವೆ. ನವಿಲಗುಡ್ಡದವರ ಹತ್ತಿರ ಇರುವುದು ಒಂದೇ ಸಿನಿಮಾ. ಸುಗ್ಗಿ ಮುಗಿದ ಮೇಲೆ ಕಣದಲ್ಲಿ ಕೂತು, ಮನೆಗೊಂದು ದೃಶ್ಯದಂತೆ ಅದನ್ನು ಹೇಳುತ್ತಾರೆ. ಗುರುಬಾಯಿಯ ಮನೆಗೆ ಬಂದದ್ದು ಹೊಳೆಯ ದೃಶ್ಯ, ಅತ್ತೆ ಕಲಿಸಿದ್ದು.

ಈ ಸಲ ಅದೇ ಸಿನಿಮಾ ಹೇಳುವ ಆಚೆದಡದ ಊರಿನಿಂದ ಈರಪ್ಪ ಬಂದಿದ್ದ. ಎರಡೂ ಊರಿನವರು ಒಂದೇ ರೀತಿ ಹೇಳಬೇಕೆಂಬುದು ಅವನ ಹಟ.

"ಹೀರೋಯಿನ್ ಹೊಳ್ಯಾಗ ಬಿದ್ಲು, ಕೈ ಮ್ಯಾಲೆತ್ತಿದ್ಲು," ಎಂದಳು ಗುರುಬಾಯಿ. "ಆಗ ಪೂರಾ ಕತ್ತಲಾತು."

ಈರಪ್ಪ ನಕ್ಕುಬಿಟ್ಟ. "ಕತ್ತಲ ಎಲ್ಲೈತಿ ಯಕ್ಕಾ? ನಿಮ್ಮೂರವರು ಸಿನಿಮಾ ನೋಡಿದಾಗ ಟೆಂಟಿನ್ಯಾಗ ಕರೆಂಟ್ ಹೋಗಿರಬೇಕು! ಹೀರೋ ಜಿಗದು ಆಕಿನ್ನ ಎಳಕೊಂಡು ಬರ್ತಾನ. ನಿನ್ನ ಕತ್ತಲ ತಗದುಬಿಡು."

ಕತ್ತಲೆ ತೆಗೆದರೆ ಆ ದೃಶ್ಯದಲ್ಲಿ ಅವಳ ಮನೆಯದು ಅಂತ ಏನೂ ಉಳಿಯುತ್ತಿರಲಿಲ್ಲ. ಗುರುಬಾಯಿ ಸೆರಗು ಸಿಕ್ಕಿಸಿಕೊಂಡಳು.

"ಕರೆಂಟ್ ಹೋಗಿದ್ದು ನಮಗೂ ಗೊತ್ತೈತೋ ತಮ್ಮಾ. ಆ ಕತ್ತಲದಾಗ ನಮ್ಮತ್ತಿ ಎದ್ದು ನಿಂತು, 'ಹುಡುಗಿನ್ನ ಹಿಡೀರಲೇ' ಅಂತ ಒದರಿದ್ಲು. ಟೆಂಟಿಗೆ ಟೆಂಟೇ ಒದರ್ತು. ಬೆಳಕ ಬಂದಾಗ ಹೀರೋಯಿನ್ ಹೊಳಿ ದಂಡಿ ಮ್ಯಾಲಿದ್ಲು. ನಿಮ್ಮೂರಾಗ ಹೀರೋ ಉಳಿಸಿರಬಹುದು. ನಮ್ಮೂರಾಗ ನಾವ ಉಳಿಸೀವಿ. ಅದಕ್ಕ ಈ ಸಿನಿಮಾ ಅಂದ್ರ ನಮಗ ಜೀವ."

"ಹಂಗಾರ ಹೇಳು, ನೋಡೂಣು," ಎಂದ ಈರಪ್ಪ.

ಗುರುಬಾಯಿ ಕಂದೀಲು ಆರಿಸಿ, ಮುಳುಗುತ್ತಿರುವವಳ ಏದುಸಿರನ್ನು ಬಾಯಲ್ಲಿ ಮಾಡತೊಡಗಿದಳು. ಕಣಕ್ಕೆ ಕಣವೇ ಎದ್ದು ಕೂಗಿತು.

ಮತ್ತೆ ಕಂದೀಲು ಹೊತ್ತಿಸಿದಾಗ ಈರಪ್ಪ ಎದ್ದು ನಿಂತಿದ್ದ. ಅವನ ಬಲಗೈ ಯಾರನ್ನೋ ಎಳೆದುಕೊಳ್ಳುವಂತೆ ಮುಂದಕ್ಕೆ ಚಾಚಿತ್ತು.